ಮಂಡ್ಯದಿಂದ ಬಂದ ಮೇಲೆ: ಹಳೆಯ ಗೆಳೆಯರಿಗೂ ಹೊಸ ಗೆಳೆಯರಿಗೂ ಸಲ್ಲಬೇಕಾದ ಬಾಕಿ

ತುಂಗಾತೀರ

ಮಂಡ್ಯದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಬಗ್ಗೆ ಪತ್ರಿಕೆಗಳಲ್ಲಿ ಬರಬೇಕಾದದ್ದೆಲ್ಲ ಬಂದಾಯಿತು. ನಿರ್ಣಯಗಳು, ಸಮ್ಮೇಳನದಲ್ಲಿ ಮಾಂಸದೂಟವನ್ನೂ ಬಡಿಸಬೇಕೆಂಬ ಬಾಡೂಟದ ವಾದ, ಯಾರನ್ನು ಕರೆದರು, ಯಾರನ್ನು ಬಿಟ್ಟರು, ಎಲ್ಲವೂ. ನನ್ನ ಬಾಕಿ ಬೇರೆ. 2024ರ ಡಿಸೆಂಬರ್ 20ರಿಂದ 22ರವರೆಗೆ ಅಲ್ಲಿ ನನ್ನ ಕೈಹಿಡಿದು ನಡೆಸಿದ ಕೆಲವರಿಗೆ ಕೃತಜ್ಞತೆ ಹೇಳಬೇಕಾಗಿದೆ. ಎದುರಿಗೆ ಹೇಳಲು ಹೋದರೆ ‘ಸುಮ್ಮನಿರಿ ಮೇಡಂ’ ಎಂದು ಬಾಯಿ ಮುಚ್ಚಿಸುವ ಜನ ಅವರು. ಆದ್ದರಿಂದ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಓದಿದರೆ ಅವರಿಗೇ ಗೊತ್ತಾಗುತ್ತದೆ.

ಮೊದಲು ಹಳಬರು. ನಮ್ಮದು ಶಿಕ್ಷಕಿಯರ ಒಂದು ಸಣ್ಣ ಕೂಟ. 2019ರ ಜನವರಿಯಲ್ಲಿ ಧಾರವಾಡದಲ್ಲಿ, ಚಂದ್ರಶೇಖರ ಕಂಬಾರರು ಅಧ್ಯಕ್ಷರಾಗಿದ್ದ ಸಮ್ಮೇಳನದಲ್ಲಿ ಶುರುವಾದದ್ದು. ವಸತಿಗೆ ಕೊಟ್ಟ ಶಾಲೆಯ ಕೊಠಡಿಯಲ್ಲಿ ಹಾಸಿಗೆ ಪಕ್ಕಪಕ್ಕ ಬಿದ್ದದ್ದಷ್ಟೇ ಪರಿಚಯಕ್ಕೆ ಕಾರಣ. ಮರುವರ್ಷ ಫೆಬ್ರವರಿಯಲ್ಲಿ ಕಲಬುರಗಿಗೆ ಎಲ್ಲರೂ ಮಾತಾಡಿಕೊಂಡೇ ಹೋದೆವು. ‘ಮುಂದಿನ ವರ್ಷ ಸಿಗೋಣ’ ಎಂದು ಬಸ್ಸು ಹತ್ತಿದವರು ಮತ್ತೆ ಸಮ್ಮೇಳನದಲ್ಲಿ ಮುಖ ನೋಡಿದ್ದು 2023ರ ಜನವರಿಯಲ್ಲಿ, ಹಾವೇರಿಯಲ್ಲಿ. ನಡುವಿನ ಕೊರೊನಾ ಕಾಲದಲ್ಲಿ ಭಾನುವಾರ ಸಂಜೆ ಮೊಬೈಲಿನಲ್ಲೇ ಒಬ್ಬರಿಗೊಬ್ಬರು ಕಥೆ ಓದಿ ಹೇಳುತ್ತಿದ್ದೆವು. ಜಾಲ ಕೈಕೊಟ್ಟಾಗ ಕಥೆಯ ಅಂತ್ಯವನ್ನು ಮರುದಿನ ಸಂದೇಶದಲ್ಲಿ ಕಳುಹಿಸಬೇಕಾಗುತ್ತಿತ್ತು. ಆ ಕಾಲವನ್ನು ನಾನು ದಾಟಿದ್ದು ಹೀಗೆ.

ಆ ಕೂಟದ ಗದಗಿನ ಗೆಳತಿಯ ವಿಷಯ ಹೇಳಲೇಬೇಕು. ಮಂಡ್ಯದ ಕವಿಗೋಷ್ಠಿಯಲ್ಲಿ ನನಗೂ ಅವಕಾಶ ಬಂದಿತ್ತು. ಕವಿಗೋಷ್ಠಿ ಎಂದರೆ ನಿಮಗೆ ಗೊತ್ತಲ್ಲ, ಕೇಳುವವರಲ್ಲಿ ಅರ್ಧದಷ್ಟು ಜನ ತಮ್ಮ ಸರದಿಗೆ ಕಾಯುತ್ತಿರುವ ಕವಿಗಳು, ಇನ್ನರ್ಧ ಅವರ ಮನೆಯವರು. ಪೆಂಡಾಲಿನ ಬದಿಯಲ್ಲಿ ಕುಳಿತಿದ್ದಾಗ ಈ ಗೆಳತಿ ‘ಯಾವುದನ್ನು ಓದುತ್ತೀರಿ, ತೋರಿಸಿ’ ಎಂದು ಹಾಳೆ ಕಿತ್ತುಕೊಂಡರು. ಚಪ್ಪಾಳೆ, ಧ್ವನಿವರ್ಧಕ, ದೂಳು ಯಾವುದೂ ಅವರಿಗೆ ಲೆಕ್ಕಕ್ಕಿಲ್ಲ. ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಕಣ್ಣ ಹತ್ತಿರ ಹಿಡಿದು, ತುಟಿ ಅಲುಗಿಸುತ್ತಾ ಎರಡು ಸಲ ಓದಿದರು. ಚೀಲದಿಂದ ಪೆನ್ಸಿಲ್ ತೆಗೆದು ಕೊನೆಯ ನಾಲ್ಕು ಸಾಲಿನ ಮೇಲೆ ಅಡ್ಡ ಗೆರೆ ಎಳೆದರು. ‘ಕವಿತೆ ಇಲ್ಲಿಗೆ ಮುಗಿದಿದೆ. ಮುಂದಿನದು ನೀವು ಮಕ್ಕಳಿಗೆ ಮಾಡುತ್ತಿರುವ ಪಾಠ’ ಎಂದರು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಸಿಟ್ಟು ಬಂದಿತ್ತು, ವಾದಿಸಲು ಸಮಯವಿರಲಿಲ್ಲ. ಗೆರೆ ಎಳೆದಲ್ಲಿಗೇ ನಿಲ್ಲಿಸಿ ಇಳಿದೆ.

ಇನ್ನು ಹೊಸಬರು. ವೇದಿಕೆಯಿಂದ ಇಳಿದು ಪುಸ್ತಕ ಮಳಿಗೆಗಳ ಕಡೆ ಹೋಗುತ್ತಿದ್ದಾಗ ಒಬ್ಬರು ಹಿಂದಿನಿಂದ ಬಂದು ತಡೆದರು. ಸಾರಿಗೆ ಸಂಸ್ಥೆಯಲ್ಲಿ ನಿರ್ವಾಹಕರಂತೆ, ರಜೆ ಹಾಕಿ ಬಂದವರು. ‘ಈಗ ಓದಿದ ಕವಿತೆ ಎಲ್ಲಿ ಅಚ್ಚಾಗಿದೆ?’ ಎಂದು ಕೇಳಿದರು. ಎಲ್ಲೂ ಇಲ್ಲ ಎಂದೆ. ‘ಹಾಗಾದರೆ ಬರೆದುಕೊಳ್ಳುತ್ತೇನೆ, ನಿಧಾನವಾಗಿ ಹೇಳಿ’ ಎಂದು ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. ಒಂದು ಪುಟದಲ್ಲಿ ಯಾವುದೋ ಸಾಲದ ಕಂತಿನ ಲೆಕ್ಕ, ಪಕ್ಕದ ಪುಟದಲ್ಲಿ ನನ್ನ ಕವಿತೆ. ಹಾಳೆಯನ್ನೇ ಕೊಡುತ್ತೇನೆ ಎಂದರೂ ಬೇಡವೆಂದರು, ಅದು ನಿಮ್ಮ ಮೂಲಪ್ರತಿ ಎಂದು. ಮೂಲಪ್ರತಿ! ನನ್ನ ಹಾಳೆಗೆ ಅಂಥ ಗೌರವವನ್ನು ನಾನೇ ಕೊಟ್ಟಿರಲಿಲ್ಲ. ಆಮೇಲೆ ಸಂಜೆಯವರೆಗೆ ಮಳಿಗೆ ಸುತ್ತಿದ್ದು ಅವರ ಜೊತೆಯಲ್ಲೇ. ವಿಶ್ವವಿದ್ಯಾಲಯಗಳ ಪ್ರಸಾರಾಂಗ, ಅಂದರೆ ಪ್ರಕಟಣಾ ವಿಭಾಗದ ಹಳೆಯ ಪುಸ್ತಕಗಳು ರಿಯಾಯಿತಿಯಲ್ಲಿ ಎಲ್ಲಿ ಸಿಗುತ್ತವೆ, ಯಾವ ಪ್ರಕಾಶಕರು ಕೊನೆಯ ದಿನ ಇನ್ನಷ್ಟು ಇಳಿಸುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

ನಿಮಗೂ ಇಂಥವರು ಸಿಕ್ಕಿದ್ದರೆ ಇಲ್ಲೇ ಕೆಳಗೆ ಬರೆಯಿರಿ.

ಕಬ್ಬಿನ ಗದ್ದೆ

ಮೇಡಂ, ನಾವು ಆತಿಥೇಯ ಊರಿನವರು. ಎಲ್ಲರೂ ಅತಿಥಿಗಳು ನಮಗೆ ಧನ್ಯವಾದ ಹೇಳಬೇಕೆಂದು ಭಾವಿಸುತ್ತಾರೆ. ನಮ್ಮ ಮನೆಯ ಕಥೆ ತಿರುಗುಮುರುಗು.

ಮಂಡ್ಯಕ್ಕೆ ಸಮ್ಮೇಳನ ಬಂದದ್ದು ಇದು ಮೂರನೆಯ ಸಲ. 1974ರದ್ದು ನನಗೆ ನೆನಪಿಲ್ಲ, ನಾನಿನ್ನೂ ಹುಟ್ಟಿರಲಿಲ್ಲ. 1994ರಲ್ಲಿ ಕಾದಂಬರಿಕಾರ ಚದುರಂಗರು ಅಧ್ಯಕ್ಷರಾಗಿದ್ದಾಗ ನಾನು ಪ್ರೌಢಶಾಲೆಯ ಹುಡುಗ, ನೀರು ಕೊಡುವ ತಂಡದಲ್ಲಿದ್ದೆ. ಆಗ ಬೀದರ್ ಕಡೆಯ ಒಬ್ಬ ಮೇಷ್ಟ್ರಿಗೆ ವಸತಿ ಸಿಗದೆ ನಮ್ಮ ತಂದೆ ಮನೆಗೆ ಕರೆತಂದರು. ಅಂದಿನಿಂದ ಪ್ರತಿ ಯುಗಾದಿಗೆ ಅವರ ಪತ್ರ ಬರುತ್ತಿತ್ತು, ಈಚೆಗೆ ಕರೆ ಬರುತ್ತದೆ. ಬಸವಣ್ಣನವರ ವಚನಗಳನ್ನು ನನಗೆ ಓದಲು ಕಲಿಸಿದ್ದು ಅವರ ಪತ್ರಗಳು. ಈ ಸಲ ಮೊಮ್ಮಗನ ಕೈ ಹಿಡಿದುಕೊಂಡು ಬಂದರು, ನೇರ ನಮ್ಮ ಮನೆಗೆ. ನೋಂದಣಿ, ವಸತಿ ಕೌಂಟರ್ ಯಾವುದರ ಗೊಡವೆಯೂ ಇಲ್ಲ.

ಇನ್ನೊಂದು ಸಂಗತಿ. ಈ ಸಲದ ಸಮ್ಮೇಳನಾಧ್ಯಕ್ಷರಾದ ಗೊ.ರು. ಚನ್ನಬಸಪ್ಪನವರು 1994ರಲ್ಲಿ ಸಮ್ಮೇಳನ ನಡೆಸುವ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದವರು. ಆಗ ಸಮ್ಮೇಳನ ನಡೆಸಿಕೊಟ್ಟವರು ತೊಂಬತ್ತು ದಾಟಿದ ಮೇಲೆ ಅದೇ ಊರಿನಲ್ಲಿ ಮೆರವಣಿಗೆಯ ರಥ ಏರಿದರು. ನಮ್ಮ ಬೀದರಿನ ಮೇಷ್ಟ್ರು ರಸ್ತೆ ಬದಿಯಲ್ಲಿ ನಿಂತು ಕೈಮುಗಿದು, ‘ಇವರಿಗೂ ನನಗೂ ಮಂಡ್ಯದ ಋಣ ಒಂದೇ ವರ್ಷದ್ದು’ ಎಂದರು. ಬಾಡೂಟದ ಬಗ್ಗೆ ಕೇಳಬೇಡಿ. ಕೊನೆಯ ದಿನ ಬೇಯಿಸಿದ ಮೊಟ್ಟೆ ಬಂತು. ಮೇಷ್ಟ್ರು ಶಾಖಾಹಾರಿ; ಅವರ ಪಾಲಿನದನ್ನು ನಾನೇ ತಿಂದೆ.

ಒಂಟಿ ಅಂಕಣ

ಎಲ್ಲವೂ ಚೆನ್ನಾಗಿದೆ. ಆದರೆ ಒಂದು ತಕರಾರು ಇದೆ, ಬೇಸರಿಸಬೇಡಿ.

ಗೆಳೆತನದ ಬಗ್ಗೆ ಇಷ್ಟು ಬರೆಯುತ್ತೀರಿ, ಮೂರು ದಿನಗಳ ಗೋಷ್ಠಿಗಳಲ್ಲಿ ಏನು ಕೇಳಿದಿರಿ ಎಂಬುದು ಒಂದು ಸಾಲೂ ಇಲ್ಲ. ಸರ್ಕಾರ ಜನರ ದುಡ್ಡಿನಿಂದ ಕೋಟಿಗಟ್ಟಲೆ ಕೊಡುವುದು ನಾವು ಹಳೆಯ ಸ್ನೇಹಿತರ ಭುಜ ತಟ್ಟಲಿ ಎಂದಲ್ಲ. ಪ್ರತಿನಿಧಿಗಳಲ್ಲಿ ಎಷ್ಟೋ ಜನ ಅನ್ಯಕಾರ್ಯ ನಿಮಿತ್ತ ರಜೆಗೆ (ನೌಕರರಿಗೆ ಸಮ್ಮೇಳನಕ್ಕೆಂದು ಸಿಗುವ ರಜೆ) ತೋರಿಸಬೇಕಾದ ಹಾಜರಾತಿ ಪತ್ರಕ್ಕೆ ಸಾಲು ನಿಲ್ಲುವ ಹೊತ್ತಿನ ಹತ್ತರಲ್ಲಿ ಒಂದು ಪಾಲು ಗೋಷ್ಠಿಯಲ್ಲಿ ಕುಳಿತಿದ್ದರೂ ನಮ್ಮ ವಿಚಾರ ಸಾಹಿತ್ಯಕ್ಕೆ ಈ ಗತಿ ಬರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಕೇಡು, ಈ ಗೆಳೆತನವೇ ಮುಂದೆ ಗುಂಪುಗಾರಿಕೆಯಾಗುತ್ತದೆ. ನೀ ನನಗಿದ್ದರೆ ನಾ ನಿನಗೆ. ನಿಮ್ಮ ಪುಸ್ತಕಕ್ಕೆ ನನ್ನ ಮುನ್ನುಡಿ, ನನ್ನ ಪುಸ್ತಕಕ್ಕೆ ನಿಮ್ಮ ಬೆನ್ನುಡಿ, ಬಿಡುಗಡೆಗೆ ಇಬ್ಬರೂ ಮುಖ್ಯ ಅತಿಥಿ. ನಮ್ಮ ಕಡೆಯ ಒಂದು ಕವಿಗೋಷ್ಠಿಯಲ್ಲಿ ಪಟ್ಟಿ ನೋಡಿದಾಗ ಆಯ್ಕೆ ಮಾಡಿದವರ ಚಹಾದ ಜೊತೆಗಾರರೆಲ್ಲ ಅದರಲ್ಲಿದ್ದರು. ನಾನು ಯಾರ ಜೊತೆಗೂ ಚಹಾ ಕುಡಿಯುವವನಲ್ಲ. ಹೊರಗೆ ನಿಂತು ಕೇಳಿ ಬಂದೆ. ಓದಿದವುಗಳಲ್ಲಿ ಎರಡು ಮಾತ್ರ ಕವಿತೆಗಳಾಗಿದ್ದವು.

ಮಳಿಗೆಯವನು

ಒಂಟಿ ಅಂಕಣ ಸರ್ ಗೋಷ್ಠಿಯ ಲೆಕ್ಕ ಕೇಳಿದರು. ನನಗೆ ಪುಸ್ತಕದ ಲೆಕ್ಕ ಮಾತ್ರ ಗೊತ್ತು. ಮಧ್ಯಾಹ್ನದ ಗೋಷ್ಠಿಯಲ್ಲಿ ಯಾರಾದರೂ ಒಂದು ಪುಸ್ತಕದ ಬಗ್ಗೆ ಮನಸ್ಸಿಟ್ಟು ಮಾತಾಡಿದರೆ ಅರ್ಧ ಗಂಟೆಯೊಳಗೆ ಮಳಿಗೆಗೆ ಅದನ್ನು ಕೇಳಿಕೊಂಡು ಜನ ಬರುತ್ತಾರೆ. ಕುಳಿತು ಕೇಳುವವರು ಇದ್ದಾರೆ, ಕಡಿಮೆ ಇದ್ದಾರೆ ಅಷ್ಟೇ.

ಮಳಿಗೆಯವರಿಗೆ ಮಳಿಗೆಯವರೇ ಗೆಳೆಯರು. ಪೈಪೋಟಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ. ಆಮೇಲೆ ಒಬ್ಬರು ಕಾವಲು, ಉಳಿದವರು ಊಟಕ್ಕೆ. ಚಿಲ್ಲರೆ ಮುಗಿದರೆ ಪಕ್ಕದವರ ಗಲ್ಲಾಪೆಟ್ಟಿಗೆಗೆ ಕೈಹಾಕುವ ಸಲುಗೆ ಇದೆ. ಒಬ್ಬ ಪ್ರಕಾಶಕರು ನನ್ನ ಮಳಿಗೆಗೆ ಬಂದ ಗಿರಾಕಿಯನ್ನು ‘ಆ ವಿಷಯಕ್ಕೆ ಇವರ ಪುಸ್ತಕ ಬೇಡ, ಎದುರು ಸಾಲಿನವರದ್ದು ಒಳ್ಳೆಯದು’ ಎಂದು ಕಳುಹಿಸಿಬಿಟ್ಟರು. ನನಗೆ ಉರಿಯಿತು, ಆದರೆ ಅವರು ಹೇಳಿದ್ದು ನಿಜ. ಆ ಗಿರಾಕಿ ಮರುದಿನ ಬಂದು ನನ್ನಲ್ಲಿ ಬೇರೆ ನಾಲ್ಕು ಪುಸ್ತಕ ಕೊಂಡರು.

ತುಂಗಾತೀರ ಮೇಡಂ, ನಿಮ್ಮ ನಿರ್ವಾಹಕ ಗೆಳೆಯರು ನನಗೂ ಗೊತ್ತೆಂದು ಕಾಣುತ್ತದೆ. ಖಾಕಿ ಬಣ್ಣದ ಕೈಚೀಲ, ಅಲ್ಲವೇ? ಹಾವೇರಿಯಲ್ಲಿ ದುಡ್ಡು ಸಾಲದೆ ಒಂದು ನಿಘಂಟು ಉದ್ದರಿ ಒಯ್ದಿದ್ದರು. ಊರು ತಲುಪಿದ ವಾರದಲ್ಲಿ ಹಣ ಬಂತು, ಜೊತೆಗೆ ಒಂದು ಕಾಗದ: ಆ ನಿಘಂಟಿನ ಇಂಥ ಪುಟದಲ್ಲಿ ಅಚ್ಚಿನ ತಪ್ಪಿದೆ ಎಂದು.

ಭೀಮಾತೀರ

ಒಂಟಿ ಅಂಕಣ ಅವರ ಸಿಟ್ಟಿನಲ್ಲಿ ಹುರುಳಿದೆ, ಆದರೆ ಗುಂಪು ಎಂದ ಕೂಡಲೇ ಕೇಡು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಹಲಸಂಗಿಯ ಹತ್ತಿರದವನು, ಒಪ್ಪುವುದು ಸಾಧ್ಯವೂ ಇಲ್ಲ.

ವಿಜಯಪುರ ಜಿಲ್ಲೆಯ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಸೇರಿ ಮಾಡಿದ ಕೆಲಸ ನೋಡಿ. ನಾವೆಲ್ಲ ಈಗ ಜಾನಪದ ಎಂದು ಪದವಿಗೆ ಓದುವ ವಿಷಯವನ್ನು ಅವರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ಬಾಯಿಂದ ಬರೆದುಕೊಂಡರು. ಗರತಿಯ ಹಾಡುಗಳ ಸಂಗ್ರಹ 1931ರಲ್ಲೇ ಅಚ್ಚಾಯಿತು. ಒಬ್ಬೊಬ್ಬರೇ ಆಗಿದ್ದರೆ ನಡೆಯುತ್ತಿತ್ತೇ? ಹಾಡು ಸಂಗ್ರಹಿಸಲು ಮನೆಮನೆಗೆ ಹೋಗಬೇಕು, ಪಾಠಾಂತರ ಹೋಲಿಸಬೇಕು, ಅಚ್ಚಿಗೆ ದುಡ್ಡು ಹೊಂದಿಸಬೇಕು. ಸ್ನೇಹವೇ ಅವರ ಸಂಸ್ಥೆ. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅವರು ಇವತ್ತಿಗೂ ಹಲಸಂಗಿ ಗೆಳೆಯರು ಎಂದೇ ಇದ್ದಾರೆ, ಒಬ್ಬರ ಹೆಸರು ಮುಂದೆ ಇಟ್ಟು ಉಳಿದವರನ್ನು ಮತ್ತಿತರರಿಗೆ ತಳ್ಳಲಿಲ್ಲ. ಅದರಲ್ಲಿ ಒಬ್ಬರು ಮುಸಲ್ಮಾನರು ಎಂಬುದನ್ನು ಈ ಕಾಲದಲ್ಲಿ ಬೇರೆಯಾಗಿ ಹೇಳಬೇಕಾಗಿ ಬಂದಿರುವುದು ನನಗೆ ಬೇಸರ. ಸಿಂಪಿ ಲಿಂಗಣ್ಣನವರು ಮುಂದೆ ಕೊಪ್ಪಳದ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇತ್ತು. ಹೆಸರಲ್ಲೇ ಗುಂಪು! ಶಂ.ಬಾ. ಜೋಶಿ, ಗೋಕಾಕ, ಮುಗಳಿ ಅವರೆಲ್ಲ ಅಲ್ಲಿ ಬೆಳೆದವರು. ಒಬ್ಬರು ಇನ್ನೊಬ್ಬರ ಹಾಗೆ ಬರೆಯಲಿಲ್ಲ ಎಂಬುದನ್ನು ಗಮನಿಸಿ. ಶಂಬಾ ಅವರ ಸಂಶೋಧನೆಗೂ ಬೇಂದ್ರೆಯವರ ಕವಿತೆಗೂ ಏನು ಹೋಲಿಕೆ? ಗುಂಪಿನಲ್ಲಿದ್ದೂ ತಮ್ಮ ದಾರಿ ಹಿಡಿಯಲು ಬಿಟ್ಟಿದ್ದರೆ ಅದು ಗೆಳೆತನ. ಎಲ್ಲರೂ ನಾಯಕನ ಧಾಟಿಯಲ್ಲೇ ಬರೆಯತೊಡಗಿದರೆ ನೀವು ಹೇಳುವ ರೋಗ.

ಒಂಟಿ ಅಂಕಣ

ಭೀಮಾತೀರ ಅವರೇ, ನೂರು ವರ್ಷದ ಹಿಂದಿನವರನ್ನು ಕರೆತಂದು ನನ್ನನ್ನು ಸೋಲಿಸಿದಿರಿ, ಒಪ್ಪಿದೆ. ಆದರೆ ಹಲಸಂಗಿಯವರು ಹಾಡು ಬರೆದುಕೊಳ್ಳುತ್ತಿದ್ದಾಗ ಅವರಿಗೆ ಸೇರಬೇಕಾದ ಪಟ್ಟಿ ಇರಲಿಲ್ಲ, ಪ್ರಶಸ್ತಿ ಇರಲಿಲ್ಲ, ಅನುದಾನ ಇರಲಿಲ್ಲ. ಕೈಯಲ್ಲಿ ಹಂಚಲು ಏನೂ ಇಲ್ಲದಿದ್ದರೆ ಸ್ನೇಹ ಶುದ್ಧವಾಗಿಯೇ ಇರುತ್ತದೆ.

ಕರಡು ತಿದ್ದುವವನು

ಇದು ಬಹಳ ಒಳ್ಳೆಯ ಮಾತು. ಇದಕ್ಕೆ ನನ್ನ ವೃತ್ತಿಯ ಕಡೆಯಿಂದ ಸಾಕ್ಷಿ ಹೇಳುತ್ತೇನೆ.

ನಾನು ಕರಡು ತಿದ್ದಿ ಬದುಕುವವನು. ಪುಸ್ತಕದಲ್ಲಿ ನಾನು ಮೊದಲು ಓದುವುದು ಕೃತಜ್ಞತೆಯ ಪುಟ. ಈಚೆಗೆ ಅದು ಬೆಳೆಯುತ್ತಾ ಬೆಳೆಯುತ್ತಾ ಎರಡನೆಯ ಮುನ್ನುಡಿಯಾಗಿದೆ. ಶಾಸಕರು, ಇಲಾಖೆಯ ನಿರ್ದೇಶಕರು, ಪ್ರಶಸ್ತಿ ಸಮಿತಿಯಲ್ಲಿ ಇರಬಹುದಾದವರು, ಫೋಟೋ ತೆಗೆದವರು, ಎಲ್ಲರಿಗೂ ಅನಂತಾನಂತ ವಂದನೆ. ಕಥೆಯ ಮೂರನೆಯ ಅಧ್ಯಾಯವನ್ನು ಹರಿದುಹಾಕಿ ಮತ್ತೆ ಬರೆಯಿರಿ ಎಂದ ಗೆಳೆಯನ ಹೆಸರು ಹುಡುಕಿದರೂ ಸಿಗುವುದಿಲ್ಲ. ಆತ ಮನಸ್ಸು ನೋಯಿಸಿದ್ದನಲ್ಲ! ಒಬ್ಬ ಕಾದಂಬರಿಕಾರರಿಗೆ ‘ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ಯಾರೋ ಹಸಿರು ಶಾಯಿಯಲ್ಲಿ ಬರೆದ ಟಿಪ್ಪಣಿಗಳು ಅದ್ಭುತವಾಗಿವೆ, ಅವರ ಹೆಸರು ಬಿಟ್ಟುಹೋಗಿದೆ’ ಎಂದು ಕೇಳಿದೆ. ‘ಅವನಿಗೆ ಹೇಳುವುದೇನಿದೆ, ಅವನು ನಮ್ಮವನೇ’ ಎಂದರು.

ನಮ್ಮವನೇ ಎಂಬ ಕಾರಣಕ್ಕೆ ಹಳೆಯ ಗೆಳೆಯರಿಗೆ ನಾವು ಕೊಡದೆ ಉಳಿಸಿಕೊಂಡಿರುವ ಬಾಕಿ ಬಹಳ. ತುಂಗಾತೀರ ಮೇಡಂ ಗದಗಿನವರ ಪೆನ್ಸಿಲ್ ಗೆರೆಯನ್ನು ಬರೆದದ್ದು ನನಗೆ ಅದಕ್ಕಾಗಿ ಹಿಡಿಸಿತು.

ಮೊದಲ ಸಲ

ನಾನು ಪದವಿ ಎರಡನೆಯ ವರ್ಷದ ವಿದ್ಯಾರ್ಥಿನಿ, ಮಂಡ್ಯದಲ್ಲಿ ಸ್ವಯಂಸೇವಕಿಯಾಗಿದ್ದೆ. ಇಲ್ಲಿ ಎಲ್ಲರೂ ಹಿರಿಯರು, ತಪ್ಪಾಗಿ ಮಾತಾಡಿದರೆ ಮನ್ನಿಸಿ.

ನೋಂದಣಿಯ ಮೇಜಿನಲ್ಲಿ ಕುಳಿತವರಿಗೆ ಎರಡು ಬಗೆಯ ಜನ ಕಾಣುತ್ತಾರೆ. ಪ್ರತಿನಿಧಿಗಳಿಗೆ ಕೊಡುವ ಚೀಲದಲ್ಲಿ ಪುಸ್ತಕ ಇದೆಯೇ ಎಂದು ಕೇಳುವವರು, ಚೀಲ ಚೆನ್ನಾಗಿಲ್ಲ ಬೇರೆ ಕೊಡಿ ಎನ್ನುವವರು. ಎರಡನೆಯ ದಿನ ಮಧ್ಯಾಹ್ನ ಒಬ್ಬರು ನನ್ನ ಮೇಲೆ ಬ್ಯಾಡ್ಜ್ ಸಿಗಲಿಲ್ಲವೆಂದು ಕೂಗಾಡಿದರು, ನಾನು ಅತ್ತುಬಿಟ್ಟೆ. ಸಾಲಿನಲ್ಲಿದ್ದ ಇಬ್ಬರು ಅಕ್ಕಂದಿರು ಮೇಜಿನ ಈಚೆ ಬಂದು ಕುಳಿತು, ಒಂದು ಗಂಟೆ ನನ್ನ ಬದಲು ಹೆಸರು ಬರೆದರು. ಒಬ್ಬರು ಕವಯಿತ್ರಿ ಎಂದು ಆಮೇಲೆ ಗೊತ್ತಾಯಿತು, ಅವರ ಕವಿತೆ ನಮಗೆ ಪಠ್ಯದಲ್ಲಿತ್ತು! ಹೇಳಿದರೆ ‘ಹಾಗಾದರೆ ನಿನಗೆ ನನ್ನ ಮೇಲೆ ಸಿಟ್ಟಿರಬೇಕು, ಎಷ್ಟು ಅಂಕದ ಪ್ರಶ್ನೆ?’ ಎಂದು ನಕ್ಕರು.

1974ರಲ್ಲಿ ಇದೇ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದರು ಎಂದು ಹೇಳಿದ್ದೂ ಅವರೇ. ಆಮೇಲೆ ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ, ಗೀತಾ ನಾಗಭೂಷಣ. 87 ಸಮ್ಮೇಳನಗಳಲ್ಲಿ ನಾಲ್ಕೇ ಹೆಸರು. ಅಂಕಣ ಸರ್ ಪಟ್ಟಿಯ ಬಗ್ಗೆ ಹೇಳಿದಾಗ ನನಗೆ ಈ ಪಟ್ಟಿ ನೆನಪಾಯಿತು. ಇಷ್ಟು ಕಾಲ ಹೊರಗೆ ನಿಂತವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಜೊತೆ ಕುಳಿತರೆ ಅದನ್ನೂ ಗುಂಪುಗಾರಿಕೆ ಎನ್ನುತ್ತೀರಾ ಸರ್?

ತುಂಗಾತೀರ

ಮಗಳೇ, ಮನ್ನಿಸುವುದು ಏನೂ ಇಲ್ಲ. ಇಲ್ಲಿಯವರೆಗಿನ ಮಾತುಗಳಲ್ಲಿ ನಿನ್ನದೇ ಚೂಪಾದ ಪ್ರಶ್ನೆ.

ಒಂಟಿ ಅಂಕಣ ಸರ್, ನೀವು ಕೇಳಿದ ಲೆಕ್ಕ: ಗೋಷ್ಠಿಗಳಲ್ಲಿ ಕುಳಿತಿದ್ದೆ. ಕೆಲವು ಉಪನ್ಯಾಸಗಳು ಹಿಂದಿನ ಸಮ್ಮೇಳನದವೇ, ಊರಿನ ಹೆಸರು ಮಾತ್ರ ಬದಲಾಗಿತ್ತು. ಕೆಲವು ನಿಜಕ್ಕೂ ಓದಿಕೊಂಡು ಬಂದವು. ಅವುಗಳ ಬಗ್ಗೆ ವಾದ ನಡೆದದ್ದು ವೇದಿಕೆಯಲ್ಲಲ್ಲ, ಅಲ್ಲಿ ಪ್ರಶ್ನೋತ್ತರಕ್ಕೆ ಸಮಯ ಉಳಿಯಲಿಲ್ಲ. ರಾತ್ರಿ ವಸತಿಯಲ್ಲಿ ನಾವು ಗೆಳತಿಯರು ದೀಪ ಆರಿಸಿದ ಮೇಲೂ ಜಗಳವಾಡಿದೆವು, ಕೊಠಡಿಯ ಬೇರೆಯವರು ಗದರಿಸುವವರೆಗೆ. ಗೆಳೆಯರಿಲ್ಲದೆ ಗೋಷ್ಠಿ ಕೇಳಿದರೆ ಅದು ಕಿವಿಯಲ್ಲೇ ಉಳಿಯುತ್ತದೆ. ಹಂಚುವುದಕ್ಕೆ ಏನಾದರೂ ಕೈಗೆ ಬಂದಾಗ ಸ್ನೇಹ ಕೆಡುತ್ತದೆ ಎಂದಿರಿ. ಹೌದು, ಕೆಟ್ಟದ್ದನ್ನು ನಾನೂ ಕಂಡಿದ್ದೇನೆ. ಹಾಗೆಂದು ಯಾರ ಜೊತೆಗೂ ಚಹಾ ಕುಡಿಯದಿರುವುದು ಪರಿಹಾರವಲ್ಲ. ನನ್ನ ನಾಲ್ಕು ಸಾಲು ಹೊಡೆದು ಹಾಕಿದವರು ನನಗೆ ಯಾವ ಪ್ರಶಸ್ತಿಯನ್ನೂ ಕೊಡಿಸಿಲ್ಲ, ಕೊಡಿಸುವುದೂ ಇಲ್ಲ.

ಮಳಿಗೆಯವರೇ, ಖಾಕಿ ಚೀಲ ಹೌದು! ಮೊನ್ನೆ ಅವರಿಂದ ಕರೆ ಬಂತು. ಬರೆದುಕೊಂಡ ಕವಿತೆಯಲ್ಲಿ ಒಂದು ಪದ ಸರಿಯಾಗಿ ಕೇಳಿಸಿರಲಿಲ್ಲವಂತೆ, ಖಚಿತಪಡಿಸಿಕೊಳ್ಳಲು. ಡಿಪೋದಲ್ಲಿ ಇಬ್ಬರಿಗೆ ಓದಿ ಹೇಳಿದರಂತೆ. ಒಬ್ಬ ಚಾಲಕರಿಗೆ ಹಿಡಿಸಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿದರು.

ಒಂಟಿ ಅಂಕಣ

ಹುಡುಗಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಉಳಿದವಕ್ಕೆ ಇದೆ, ಇನ್ನೊಮ್ಮೆ ಬರೆಯುತ್ತೇನೆ. ಸದ್ಯಕ್ಕೆ ಒಂದು ವಿಚಾರಣೆ: ಗದಗಿನ ಮೇಡಂ ಕವಿತೆಗಳನ್ನು ಮಾತ್ರ ನೋಡುತ್ತಾರೋ, ಪ್ರಬಂಧಗಳನ್ನೂ ನೋಡುತ್ತಾರೋ? ನನ್ನ ಹತ್ತಿರ ಒಂದು ಕಟ್ಟು ಇದೆ. ಹೊಗಳಬೇಕಾಗಿಲ್ಲ.

ತುಂಗಾತೀರ

ನೋಡುತ್ತಾರೆ. ಹೊಗಳುವ ಅಪಾಯ ಖಂಡಿತ ಇಲ್ಲ. ವಿಳಾಸವನ್ನು ಅವರನ್ನೇ ಕೇಳಿ ತಿಳಿಸುತ್ತೇನೆ.

ಭೀಮಾತೀರ

ಮುಂದಿನದು ಬಳ್ಳಾರಿ ಎಂದು ಘೋಷಣೆಯಾಗಿದೆ. 1958ರಲ್ಲಿ ಗೆಳೆಯರ ಗುಂಪಿನ ಗೋಕಾಕರು ಅಧ್ಯಕ್ಷರಾಗಿದ್ದದ್ದು ಅಲ್ಲಿಯ ಸಮ್ಮೇಳನಕ್ಕೇ. ಅಂಕಣ ಸರ್, ಇದು ನಿಮ್ಮನ್ನು ರೇಗಿಸಲು ಅಲ್ಲ, ಇತಿಹಾಸ. ಸಂಡೂರಿನ ಹತ್ತಿರ ನಮ್ಮ ತಂಗಿಯ ಮನೆ ಇದೆ, ನಾಲ್ಕೈದು ಜನರಿಗೆ ಮಲಗಲು ಜಾಗವಾಗುತ್ತದೆ, ಆದರೆ ಬೆಳಿಗ್ಗೆ ಬೇಗ ಹೊರಡಬೇಕು. ಯಾರು ಯಾರು ಬರುತ್ತೀರಿ ಎಂದು ಮೊದಲೇ ಹೇಳಿದರೆ ಆಕೆಗೆ ಅನುಕೂಲ. ಬೀದರಿನ ಮೇಷ್ಟ್ರಿಗೆ ಮಂಚ, ಉಳಿದವರಿಗೆ ಚಾಪೆ.